ಪಾರಿವಾಳದ ತವರುಮನೆ

ಬೆಳಗಿನ ಆರೂಕಾಲು. ಬಾದಾಮಿಯ ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ಆಗಲೇ ನಾಲ್ಕಾರು ಹೆಣ್ಣುಮಕ್ಕಳು ಬಟ್ಟೆ ಒಗೆಯಲು ಕೂತಿದ್ದರು. ಕಲ್ಲಿಗೆ ಬಿದ್ದ ಒಂದೊಂದು ಏಟೂ ನೀರು ದಾಟಿ ಎದುರಿನ ಬಂಡೆಗೆ ತಾಗಿ, ಅರೆಗಳಿಗೆ ತಡೆದು ಮರಳಿ ಬರುತ್ತಿತ್ತು. ಆ ಏಟುಗಳ ನಡುವೆ ಇನ್ನೊಂದು ದನಿ. ಬಂಡೆಯ ಹೊಟ್ಟೆಯಿಂದಲೇ ಹೊರಟಂಥ ಗುಟುರು. ಕತ್ತೆತ್ತಿ ನೋಡಿದೆ, ಹಕ್ಕಿ ಕಾಣಲಿಲ್ಲ. ಕೆಂಪು ಕಲ್ಲು, ಕಪ್ಪು ಬಿರುಕು, ಮಳೆನೀರು ಇಳಿದು ಮೂಡಿದ ಗೆರೆಗಳು, ಅಷ್ಟೆ. ಬಿಸಿಲಿನ ಮೊದಲ ಪಟ್ಟಿ ಗುಡ್ಡದ ನೆತ್ತಿಗೆ ಬಿದ್ದ ಮೇಲೆ ಬಿರುಕುಗಳು ಒಂದೊಂದಾಗಿ ತಮ್ಮೊಳಗಿನ ಹಕ್ಕಿಗಳನ್ನು ಹೊರಗೆ ಬಿಡತೊಡಗಿದವು. ರೆಕ್ಕೆ ಪಟಪಟನೆ ಬಡಿದು ಜಿಗಿದವು. ಸ್ವಲ್ಪ ದೂರ ಹೋದ ಮೇಲೆ ರೆಕ್ಕೆಗಳನ್ನು ಮೇಲಕ್ಕೆ ಹಿಡಿದು, ಬಡಿಯದೆ, ಗಾಳಿಯ ಮೇಲೆ ಜಾರಿದವು. ಕೆರೆಯ ಮೇಲೊಂದು ಸುತ್ತು ಹಾಕಿ ಬಡಗಣ ಅಂಚಿನ ಕಲ್ಲುಗಳ ಮೇಲೆ ಇಳಿದವು.

ನೀರು ಕುಡಿಯುವುದನ್ನು ನೋಡಿದೆ. ಕೋಳಿ, ಕಾಗೆ, ಗುಬ್ಬಿ ಎಲ್ಲವೂ ಕೊಕ್ಕಿನಲ್ಲಿ ಒಂದು ಹನಿ ಹಿಡಿದು ಕತ್ತು ಮೇಲೆತ್ತಿ ನುಂಗುತ್ತವೆ. ಪಾರಿವಾಳ ಹಾಗಲ್ಲ. ಕೊಕ್ಕನ್ನು ನೀರಿನಲ್ಲಿ ಅದ್ದಿ, ಮೇಲೆತ್ತದೆ, ದನ ಕುಡಿದಂತೆ ಹೀರುತ್ತದೆ. ಎರಡು ಗುಕ್ಕು ಹೀರಿ, ಹಿಂದೆ ತಿರುಗಿ ನೋಡಿ, ಹಾರಿಹೋಯಿತು. ನಾನು ಮೂವತ್ತು ಹೆಜ್ಜೆ ದೂರದಲ್ಲಿದ್ದೆ. ಆ ದೂರವೂ ಅದಕ್ಕೆ ಸಾಲಲಿಲ್ಲ.

ಆ ಅಂಜಿಕೆಯನ್ನು ನೋಡಲೆಂದೇ ನಾನು ಹುಬ್ಬಳ್ಳಿಯಿಂದ ಬಂದಿದ್ದೆ. ನಮ್ಮ ಮನೆಯ ಬಾಲ್ಕನಿಗೆ ಎರಡು ವರ್ಷದ ಹಿಂದೆ ಬಲೆ ಹಾಕಿಸಿದೆವು. ಏಸಿ ಪೆಟ್ಟಿಗೆಯ ಹಿಂದೆ, ತುಳಸಿ ಕುಂಡದೊಳಗೆ, ಒಣಗಲು ಹಾಕಿದ ಸೀರೆಯ ಮೇಲೆ ಎಲ್ಲೆಂದರಲ್ಲಿ ಹಿಕ್ಕೆ. ಅಮ್ಮನಿಗೆ ಕೆಮ್ಮು ಬೇರೆ. ಕೈ ಬೀಸಿದರೆ ಒಂದಡಿ ಸರಿದು ಅಲ್ಲೇ ಕೂರುವ ಹಕ್ಕಿ ಅದು. ಬಲೆಯ ಕೊನೆಯ ಕೊಂಡಿ ಸಿಕ್ಕಿಸುವಾಗ ಚಿಕ್ಕಂದಿನಲ್ಲಿ ಕಂಡ ಬೇರೊಂದು ಪಾರಿವಾಳ ನೆನಪಾಯಿತು. ಅಜ್ಜನ ಹೊಲದ ಬಾವಿಯದು. ಬಾದಾಮಿಯಿಂದ ಆ ಊರು ದೂರವಲ್ಲ. ಬಾವಿಯ ಗೋಡೆಯ ಕಲ್ಲುಸಂದುಗಳಲ್ಲಿ ಪಾರಿವಾಳಗಳಿರುತ್ತಿದ್ದವು. ನಾವು ಬಗ್ಗಿ ನೋಡಿದರೆ ಸಾಕು, ಕತ್ತಲೊಳಗಿಂದ ಇಡೀ ಬಾವಿಯೇ ಎದ್ದು ಬಂದಂತೆ ಭರ್‌ ಎಂದು ಮುಖದ ಪಕ್ಕದಲ್ಲೇ ಹಾರಿಹೋಗುತ್ತಿದ್ದವು. ಇನ್ನು ಸಂಜೆಯವರೆಗೆ ಬರುತ್ತಿರಲಿಲ್ಲ. ಎರಡೂ ಒಂದೇ ಹಕ್ಕಿ ಎಂದು ಪುಸ್ತಕ ಹೇಳುತ್ತದೆ. ಹಾಗಿದ್ದರೆ ಒಂದು ಅಂಜುವುದೇಕೆ, ಇನ್ನೊಂದು ಅಂಜದಿರುವುದೇಕೆ? ಶಿವರಾತ್ರಿಯ ಹಿಂದಿನ ವಾರ ಅದನ್ನು ಕೇಳಿಕೊಂಡೇ ಬಾದಾಮಿಗೆ ಬಂದೆ.

ಅಂಚುಗಳ ಊರು

ಬಾದಾಮಿಯ ಗುಡ್ಡಗಳು ಕಲಾದಗಿ ಶಿಲಾಸ್ತೋಮಕ್ಕೆ ಸೇರಿದ ಮರಳುಗಲ್ಲಿನವು. ಕೋಟ್ಯಂತರ ವರ್ಷಗಳ ಹಿಂದೆ ನೀರು ತಂದು ಹಾಸಿದ ಮರಳು ಪದರಪದರವಾಗಿ ಗಟ್ಟಿಯಾಗಿ ಕಲ್ಲಾಯಿತು. ಎಲ್ಲ ಪದರವೂ ಒಂದೇ ಗಟ್ಟಿಯಲ್ಲ. ಮೆತ್ತನೆಯ ಪದರ ಮಳೆಗಾಳಿಗೆ ಸವೆದು ಒಳಕ್ಕೆ ಹೋಗುತ್ತದೆ, ಗಟ್ಟಿ ಪದರ ತುಟಿಯಂತೆ ಮುಂದೆ ಚಾಚಿ ನಿಲ್ಲುತ್ತದೆ. ಮೇಲಿಂದ ಕೆಳಕ್ಕೆ ನೆಟ್ಟಗೆ ಸೀಳಿದ ಬಿರುಕುಗಳು ಬೇರೆ. ಹೀಗಾಗಿ ದೂರದಿಂದ ನುಣ್ಣಗೆ ಕಾಣುವ ಬಂಡೆ ಹತ್ತಿರ ಹೋದರೆ ಸಾವಿರ ಗೂಡುಗಳ ಗೋಡೆ. ಮೇಲೆ ಸೂರು, ಕೆಳಗೆ ಅಂಗೈ ಅಗಲದ ಅಂಚು, ಹಿಂದೆ ಕತ್ತಲು, ಮುಂದೆ ಪ್ರಪಾತ. ಬೆಕ್ಕು ಹತ್ತಲಾರದು, ನರಿ ಇಳಿಯಲಾರದು. ಮರದ ಮೇಲೆ ಗೂಡು ಕಟ್ಟದ ಪಾರಿವಾಳಕ್ಕೆ ಇದಕ್ಕಿಂತ ಒಳ್ಳೆಯ ಮನೆ ಸಿಗದು.

ನಮ್ಮ ಊರುಗಳ ಬೂದು ಪಾರಿವಾಳದ ಶಾಸ್ತ್ರೀಯ ಹೆಸರು ಕೊಲಂಬಾ ಲಿವಿಯಾ. 1789ರಲ್ಲಿ ಜರ್ಮನಿಯ ಜೀವವಿಜ್ಞಾನಿ ಗ್ಮೆಲಿನ್ ಇಟ್ಟದ್ದು. ಬಂಡೆ ಪಾರಿವಾಳ ಎನ್ನುವುದೇ ಅದಕ್ಕೆ ಸರಿಹೊಂದುವ ಹೆಸರು. ಐರೋಪ್ಯ ಕಡಲತೀರದ ಕಡಿದಾದ ಬಂಡೆಗಳಿಂದ ಉತ್ತರ ಆಫ್ರಿಕಾ, ಪಶ್ಚಿಮ ಏಷ್ಯಾ, ಮಧ್ಯ ಏಷ್ಯಾಗಳನ್ನು ಹಾದು ನಮ್ಮ ಉಪಖಂಡದವರೆಗೆ ಅದರ ಮೂಲ ನೆಲೆ ಹಬ್ಬಿದೆ. ಈ ಹರವಿನಲ್ಲೆಲ್ಲ ಅದು ಹುಡುಕುವುದು ಎರಡನ್ನೇ: ಗೂಡಿಗೊಂದು ಕಲ್ಲಿನ ಅಂಚು, ಹೊಟ್ಟೆಗೆ ಬಯಲಿನ ಕಾಳು. ದಟ್ಟ ಕಾಡು ಅದಕ್ಕೆ ಒಗ್ಗದು. ಪಶ್ಚಿಮ ಘಟ್ಟದ ಕಾಡಿನ ಹಣ್ಣುಗಳನ್ನು ನಂಬಿದ ನೀಲಗಿರಿ ಕಾಡು ಪಾರಿವಾಳ ಬೇರೆ ಪ್ರಭೇದ. ಆದರೆ ಅದೇ ಘಟ್ಟದಲ್ಲಿ ಜೋಗದಂಥ ಕಮರಿ ಇದ್ದರೆ, ಧಾರೆಗಳ ಹಿಂದಿನ ಬಂಡೆಯಲ್ಲಿ ನಮ್ಮ ಬಂಡೆ ಪಾರಿವಾಳ ಇದ್ದೇ ಇರುತ್ತದೆ.

ಪರ್ಯಾಯ ದ್ವೀಪದಲ್ಲಿರುವುದು ಇಂಟರ್ಮೀಡಿಯಾ ಎಂಬ ಉಪಪ್ರಭೇದ. 1844ರಲ್ಲಿ ಪಕ್ಷಿವಿಜ್ಞಾನಿ ಸ್ಟ್ರಿಕ್‌ಲ್ಯಾಂಡ್ ಗುರುತಿಸಿದ್ದು. ಐರೋಪ್ಯ ಹಕ್ಕಿಗೆ ಬಾಲದ ಬುಡದಲ್ಲಿ ಎದ್ದು ಕಾಣುವ ಬಿಳಿ ಇದೆ, ನಮ್ಮದಕ್ಕೆ ಅಲ್ಲಿಯೂ ಬೂದು. ದುರ್ಬೀನು ಹಿಡಿದು ಕೆರೆಯಂಚಿನ ಹಕ್ಕಿಗಳನ್ನು ಒಂದೊಂದಾಗಿ ನೋಡಿದೆ. ಮೋಡದ ಬಣ್ಣದ ಮೈ. ಮಡಿಸಿದ ರೆಕ್ಕೆಯ ಮೇಲೆ ಅಡ್ಡಕ್ಕೆ ಎರಡು ಕಪ್ಪು ಪಟ್ಟೆ. ಬಾಲದ ತುದಿಗೆ ಕಪ್ಪು ಅಂಚು. ಕುತ್ತಿಗೆ ತಿರುಗಿಸಿದಾಗ ಇಳಕಲ್ ಸೀರೆಯ ಸೆರಗಿನಂತೆ ಒಮ್ಮೆ ಹಸಿರು, ಒಮ್ಮೆ ನೇರಳೆ. ಕೆಂಪು ಕಾಲು. ಕೊಕ್ಕಿನಿಂದ ಬಾಲದವರೆಗೆ ಸುಮಾರು 33 ಸೆಂಟಿಮೀಟರ್. ಒಂದರಂತೆ ಇನ್ನೊಂದು. ಅಲ್ಲಿದ್ದ ಯಾವ ಹಕ್ಕಿಯ ಮೇಲೂ ಬೇರೆ ಬಣ್ಣದ ಒಂದು ಚುಕ್ಕೆ ನನಗೆ ಕಾಣಲಿಲ್ಲ.

ಪೇಟೆಯ ಬಣ್ಣಗಳು

ಎಂಟು ಗಂಟೆಗೆ ಚಹಾ ಕುಡಿಯಲು ಬಸ್‌ನಿಲ್ದಾಣದ ಕಡೆ ನಡೆದೆ. ಕೆರೆಯಿಂದ ಪೇಟೆಗೆ ಹತ್ತು ನಿಮಿಷದ ದಾರಿ, ಆದರೆ ಪಾರಿವಾಳದ ಲೋಕದಲ್ಲಿ ಅದು ಬಹು ದೂರ. ಕಾಳಿನ ಅಂಗಡಿಯ ಮುಂದೆ, ಚೀಲದಿಂದ ಉದುರಿದ ಜೋಳ ಹೆಕ್ಕುತ್ತಿದ್ದ ಗುಂಪಿನಲ್ಲಿ ಮೈತುಂಬ ಮಸಿ ಬಣ್ಣದ್ದು ಒಂದು, ರೆಕ್ಕೆಯ ಮೇಲೆ ಚೌಕಳಿ ಇದ್ದವು ಹಲವು, ಇಟ್ಟಿಗೆಯ ಬಣ್ಣದ್ದೊಂದು, ಎರಡು ಬಿಳಿಗರಿ ಹೊತ್ತದ್ದೊಂದು. ಟಂಟಂ ಗಾಡಿ ಮೈಮೇಲೆ ಬಂದರಷ್ಟೇ ಸರಿಯುತ್ತಿದ್ದವು.

ಈ ಬಣ್ಣಗಳು ಮನುಷ್ಯನ ಕೈಕೆಲಸದ ಗುರುತು. ಐದು ಸಾವಿರ ವರ್ಷಕ್ಕೂ ಹಿಂದೆ ಪಶ್ಚಿಮ ಏಷ್ಯಾದ ಕಡೆ ಜನ ಬಂಡೆಯ ಮರಿಗಳನ್ನು ತಂದು ಸಾಕಿದರು. ಮೊದಲು ಮಾಂಸಕ್ಕೆ, ಆಮೇಲೆ ಗೊಬ್ಬರಕ್ಕೆ, ಓಲೆ ಒಯ್ಯಲಿಕ್ಕೆ, ಪಂದ್ಯಕ್ಕೆ, ಚೆಂದಕ್ಕೆ. ಬೀಸಣಿಗೆಯ ಬಾಲದ್ದು, ಗಂಟಲು ಉಬ್ಬಿಸುವುದು, ಹಾರುತ್ತ ಲಾಗ ಹಾಕುವುದು, ಹೀಗೆ ನೂರಾರು ತಳಿ ಆದವು. ನೋಡಿದರೆ ಒಂದಕ್ಕೊಂದು ಸಂಬಂಧವೇ ಇಲ್ಲವೆನ್ನಬೇಕು. ಇವೆಲ್ಲವೂ ಬಂಡೆ ಪಾರಿವಾಳದ ಒಂದೇ ಮೂಲದಿಂದ ಬಂದವೆಂದು 1859ರ ತನ್ನ ಪುಸ್ತಕದ ಮೊದಲ ಅಧ್ಯಾಯದಲ್ಲಿಯೇ ಡಾರ್ವಿನ್ ವಾದಿಸಿದ. ಅದಕ್ಕಾಗಿ ತಾನೇ ಪಾರಿವಾಳ ಸಾಕಿದ, ಪಾರಿವಾಳ ಸಾಕುವವರ ಸಂಘ ಸೇರಿದ. ಮನುಷ್ಯ ಆರಿಸಿ ಆರಿಸಿ ತಳಿ ಮಾಡುವಂತೆ ನಿಸರ್ಗವೂ ಆರಿಸುತ್ತದೆ ಎಂಬ ಅವನ ದೊಡ್ಡ ಮಾತಿಗೆ ಮೊದಲ ಸಾಕ್ಷಿ ಹೇಳಿದ್ದು ಈ ಹಕ್ಕಿ.

ಸಾಕಿದ ಹಕ್ಕಿ ಗೂಡಿನಿಂದ ತಪ್ಪಿಸಿಕೊಂಡು, ಪಂದ್ಯದಲ್ಲಿ ದಾರಿ ತಪ್ಪಿ, ಯಜಮಾನ ಬಿಟ್ಟುಹೋಗಿ ಬೀದಿಗೆ ಬಂತು. ಬೀದಿಯಲ್ಲಿಯೇ ಮರಿ ಮಾಡಿತು. ಅದೇ ಇಂದಿನ ಊರ ಪಾರಿವಾಳ. 1606ರಲ್ಲಿ ಫ್ರೆಂಚರು ಹಡಗಿನಲ್ಲಿ ಕೆನಡಾದ ನೋವಾ ಸ್ಕೋಷಿಯಾಕ್ಕೆ ಒಯ್ದರು. ಇವತ್ತು ಅಂಟಾರ್ಕ್ಟಿಕಾ ಒಂದನ್ನು ಬಿಟ್ಟರೆ ಅದಿಲ್ಲದ ಖಂಡವಿಲ್ಲ. ಲೋಕವೆಲ್ಲ ಹಬ್ಬಿದ್ದು ಹೌದು, ಆದರೆ ರೆಕ್ಕೆಯ ಬಲದಿಂದಲ್ಲ, ನಮ್ಮ ಹಡಗು ಮತ್ತು ನಮ್ಮ ಕಟ್ಟಡಗಳ ಬಲದಿಂದ.

ಕಪೋತ ಎಂಬ ಸೂರು

ಗುಡ್ಡದಲ್ಲಿ ಕೊರೆದ ಗುಹಾಲಯಗಳ ಬಾಗಿಲು ತೆರೆದ ಮೇಲೆ ಮೊದಲ ಗುಂಪಿನೊಡನೆ ಮೆಟ್ಟಿಲು ಹತ್ತಿದೆ. ಒಂದನೆಯ ಗುಹೆಯ ಹದಿನೆಂಟು ತೋಳಿನ ನಟರಾಜನ ಮುಂದೆ ಎಲ್ಲರೂ ನಿಂತರು. ನಾನೂ ನಿಂತೆ, ಆಮೇಲೆ ಅವನ ತಲೆಯ ಮೇಲಿನ ಬಂಡೆಯತ್ತ ನೋಡಿದೆ. ಗುಹೆ ಕೊರೆದವರು ಹೊರಗಿನ ಕಲ್ಲನ್ನು ಹಾಗೆಯೇ ಬಿಟ್ಟಿದ್ದಾರೆ. ಶಿಲ್ಪ ಮುಗಿಯುವ ಗೆರೆಯಿಂದ ಮೂರು ಮೊಳ ಮೇಲೆ ಪಾರಿವಾಳದ ಗೂಡು ಶುರುವಾಗುತ್ತದೆ.

ಮೂರನೆಯ ಗುಹೆ ಎಲ್ಲಕ್ಕಿಂತ ದೊಡ್ಡದು. ಕ್ರಿ.ಶ. 578ರ ಶಾಸನ ಅದರಲ್ಲಿದೆ, ಅರಸುಮನೆತನದ ಮಂಗಳೇಶ ಮಾಡಿಸಿದ್ದು. ಅದರ ಮುಂಭಾಗಕ್ಕೆ ಬಾಗಿದ ದೊಡ್ಡ ಸೂರು. ನಮ್ಮ ದೇವಾಲಯಗಳಲ್ಲಿ ಗೋಡೆಯ ಮೇಲೆ ಹೀಗೆ ದುಂಡಗೆ ಬಾಗಿ ಚಾಚುವ ಅಂಚಿಗೆ ಶಿಲ್ಪಶಾಸ್ತ್ರ ಕೊಟ್ಟ ಹೆಸರು ಕಪೋತ. ಕಪೋತವೆಂದರೆ ಪಾರಿವಾಳ. ಈ ಮಾತು ತಿಳಿದ ಮೇಲೆ ನಾನು ಬಾದಾಮಿಯನ್ನು ಮೊದಲಿನಂತೆ ನೋಡಲಾರೆ. ಬಂಡೆ ತಾನಾಗಿ ಚಾಚಿದ ತುಟಿಯ ಮೇಲೆ ಹಕ್ಕಿ ಕೂತಿತ್ತು. ಶಿಲ್ಪಿ ಅಂಥದೇ ತುಟಿಯೊಂದನ್ನು ಕಡೆದು ನಿಲ್ಲಿಸಿದ, ಹಕ್ಕಿ ಅದರ ಮೇಲೂ ಬಂದು ಕೂತಿತು. ಅಂಚಿಗೆ ಹಕ್ಕಿಯ ಹೆಸರೇ ನಿಂತಿತು. ಪಾರಿವಾಳ ನಮ್ಮ ಮನೆಗೆ ನುಗ್ಗಿತು ಅನ್ನುತ್ತೇವೆ. ಅದರ ಕಣ್ಣಿಗೆ ನಡೆದದ್ದೇ ಬೇರೆ: ನಾವು ಬಯಲಿನಲ್ಲಿ ಹೊಸ ಹೊಸ ಬಂಡೆಗಳನ್ನು ಎಬ್ಬಿಸುತ್ತ ಹೋದೆವು. ವಿಜಯಪುರದಲ್ಲಿ ಗೋಳಗುಮ್ಮಟವೆಂಬ ಬಂಡೆ, ಹಳ್ಳಿಯಲ್ಲಿ ಹುಡೇವು ಎಂಬ ಕಾವಲು ಬುರುಜು, ಹೊಲದಲ್ಲಿ ಬಾವಿ, ಈಗ ಹುಬ್ಬಳ್ಳಿಯ ಅಪಾರ್ಟ್‌ಮೆಂಟು. ನನ್ನ ಬಾಲ್ಕನಿಯೂ ಒಂದು ಕಪೋತ.

ಗುಹೆಯಾಚೆಯ ಕಲ್ಲುಸಂದಿನಲ್ಲಿ ಗೂಡೊಂದು ಕಂಡಿತು. ಗೂಡೆನ್ನುವುದಕ್ಕೆ ಹತ್ತಿಪ್ಪತ್ತು ಕಡ್ಡಿ, ನಾಲ್ಕು ಗರಿ, ಅವನ್ನೆಲ್ಲ ಗಾರೆಯಂತೆ ಹಿಡಿದಿಟ್ಟ ಒಣ ಹಿಕ್ಕೆ. ಮೊಟ್ಟೆ ಎರಡು, ಬಿಳಿ. ಗಂಡು ಹೆಣ್ಣು ಪಾಳಿಯಲ್ಲಿ ಕಾವು ಕೊಡುತ್ತವೆ. ಬೆಳಗು ಏರಿದ ಮೇಲೆ ಇಳಿಹೊತ್ತಿನವರೆಗೆ ಗಂಡು, ಉಳಿದ ಹೊತ್ತು, ಇಡೀ ರಾತ್ರಿ, ಹೆಣ್ಣು. ಹದಿನೇಳು ಹದಿನೆಂಟು ದಿನಕ್ಕೆ ಮರಿ ಹೊರಬರುತ್ತದೆ. ಮೊದಲ ದಿನಗಳಲ್ಲಿ ಮರಿಗೆ ಕಾಳು ಅರಗದು. ಆಗ ತಂದೆತಾಯಿ ಇಬ್ಬರ ಗಂಟಲ ಚೀಲದ ಒಳಪದರವೂ ಕಳಚಿ ಗಿಣ್ಣಿನಂಥ ಆಹಾರವಾಗುತ್ತದೆ. ಪಾರಿವಾಳದ ಹಾಲು ಅನ್ನುವುದು ಅದಕ್ಕೆ. ಹಕ್ಕಿಗಳಲ್ಲಿ ತಂದೆಯೂ ಹಾಲೂಡಿಸುವ ಇಂಥ ಸಂಸಾರ ಬಲು ಅಪರೂಪ. ಹುಳುಹುಪ್ಪಟೆಯ ಕಾಲಕ್ಕೆ ಕಾಯದೆ, ಕಾಳು ಸಿಗುವ ಯಾವ ತಿಂಗಳಲ್ಲಾದರೂ ಮರಿ ಮಾಡುವ ಶಕ್ತಿ ಅದಕ್ಕೆ ಬಂದದ್ದು ಈ ಹಾಲಿನಿಂದ. ನಗರದಲ್ಲಿ ಅದು ಗೆದ್ದದ್ದರ ಗುಟ್ಟೂ ಇದೇ. ವರ್ಷವಿಡೀ ಕಾಳು ಹಾಕುವ ಕೈ ಇದ್ದರೆ ವರ್ಷವಿಡೀ ಮರಿ.

ಮೆಟ್ಟಿಲು ಗುಡಿಸುತ್ತಿದ್ದ ಅವ್ವ ನಾನು ಮೇಲೆ ನೋಡುವುದನ್ನು ಕಂಡು ಹೇಳಿದರು: "ಅವು ಬಾಳ ಇದ್ದಾವ್ರಿ. ದಿನಾ ಮುಂಜಾನೆ ಹಿಕ್ಕಿ ಬಳಿಯೂದ್ರಾಗ ನಡಾ ಬೀಳ್ತೈತಿ. ಆದ್ರ ಅವು ಇಲ್ಲಂದ್ರ ಗುಡ್ಡ ಬಿಕೋ ಅಂತೈತಿ." ಎರಡು ಮಾತೂ ನಿಜ. ಹಿಕ್ಕೆಯ ಆಮ್ಲ, ಲವಣಗಳು ಮರಳುಗಲ್ಲಿಗೆ ಒಳ್ಳೆಯವಲ್ಲ. ಶಿಲ್ಪದ ಮೇಲೆ ಹಕ್ಕಿ ನೆಲೆಸದಂತೆ ಮಾಡುವುದು ತಪ್ಪೇನಲ್ಲ. ಆದರೆ ಶಿಲ್ಪದಿಂದ ಎಬ್ಬಿಸಿದ ಹಕ್ಕಿಗೆ ಪಕ್ಕದಲ್ಲೇ ಅದರ ಹಳೆಯ ಬಂಡೆ ಇನ್ನೂ ಇದೆ ಎನ್ನುವುದು ಬಾದಾಮಿಯ ಭಾಗ್ಯ.

ಡೇಗೆಯ ನೆರಳು

ಭೂತನಾಥನ ಗುಡಿಗಳ ಹಿಂದೆ, ಕೆರೆಯ ಮೂಡಣ ತುದಿಯಲ್ಲಿ, ಗುಡ್ಡ ಇನ್ನೂ ಕಾಡಾಗಿಯೇ ಉಳಿದಿದೆ. ಮಳೆಗಾಲದಲ್ಲಿ ಅಕ್ಕ ತಂಗಿ ಎಂಬ ಜೋಡಿ ಧಾರೆಗಳು ಧುಮುಕುವ ಕಡೆ ಈಗ ಒಣ ಗೆರೆ ಮಾತ್ರ. ಹನ್ನೊಂದು ಗಂಟೆಯ ಬಿಸಿಲಲ್ಲಿ ಬಂಡೆಯ ನೆರಳಿಗೆ ಬೆನ್ನು ಕೊಟ್ಟು ಕೂತೆ. ಪಾರಿವಾಳಗಳು ಹೆಚ್ಚಿನವು ಹೊಲಕ್ಕೆ ಹೋಗಿದ್ದವು. ಉಳಿದವು ಅಂಚುಗಳಲ್ಲಿ ಕಣ್ಣುಮುಚ್ಚಿ ಕೂತಿದ್ದವು. ಗಂಡೊಂದು ಕತ್ತು ಉಬ್ಬಿಸಿ, ಬಾಲ ನೆಲಕ್ಕೆ ತಾಗಿಸಿ, ಹೆಣ್ಣಿನ ಮುಂದೆ ಬಗ್ಗಿ ಬಗ್ಗಿ ಸುತ್ತುತ್ತಿತ್ತು.

ಇದ್ದಕ್ಕಿದ್ದಂತೆ ಗುಟುರು ನಿಂತಿತು. ಇಡೀ ಗುಡ್ಡ ಒಮ್ಮೆಗೇ ಬಾಯಿ ಮುಚ್ಚಿಕೊಂಡಿತು. ಮರುಗಳಿಗೆ ಮೂರು ಕಡೆಯಿಂದ ಹಕ್ಕಿಗಳು ಸಿಡಿದೆದ್ದು ಒಂದೇ ಗುಂಪಾಗಿ ಬಿಗಿದುಕೊಂಡವು. ಅವುಗಳ ಮೇಲೆ, ಬಹು ಎತ್ತರದಲ್ಲಿ, ಚೂಪು ರೆಕ್ಕೆಯ ಡೇಗೆಯೊಂದು. ಗುಂಪು ಎಡಕ್ಕೆ ಹೊರಳಿತು, ಬಲಕ್ಕೆ ಹೊರಳಿತು, ಹೊರಳಿದಾಗಲೆಲ್ಲ ಬೂದು ಹೋಗಿ ರೆಕ್ಕೆಯಡಿಯ ಬಿಳಿ ಮಿಂಚಿತು. ಡೇಗೆ ಎರಗಲಿಲ್ಲ. ಗಾಳಿಯೊಡನೆ ತೇಲಿ ಮಹಾಕೂಟದ ದಿಕ್ಕಿಗೆ ಹೋಯಿತು. ಐದು ನಿಮಿಷ ಬಿಟ್ಟು ಗುಟುರು ಮತ್ತೆ ಶುರುವಾಯಿತು.

ನಮ್ಮ ಕಡೆಯ ಬಂಡೆಗಳಲ್ಲಿ ಶಾಹೀನ್ ಡೇಗೆ ಪಾರಿವಾಳದ ಹಳೆಯ ನೆರೆಯವ. ಇರುಳಾದರೆ ಕೊಂಬಿನ ಗೂಬೆ. ಗುಂಪಿನಲ್ಲಿ ಹಾರುವುದು, ನೀರಿಗೆ ಬಂದಾಗ ಎರಡೇ ಗುಕ್ಕು ಹೀರಿ ಹೊರಡುವುದು, ಮೂವತ್ತು ಹೆಜ್ಜೆ ದೂರದ ಮನುಷ್ಯನನ್ನು ನಂಬದಿರುವುದು, ಎಲ್ಲವನ್ನೂ ಕಲಿಸಿದ್ದು ಈ ನೆರೆಯವರು. ಗುಂಪಿನಲ್ಲಿ ಬೇರೆ ಬಣ್ಣದ ಹಕ್ಕಿ ಕಣ್ಣಿಗೆ ಬೇಗ ಬೀಳುತ್ತದೆ. ಬಂಡೆಯ ಬೂದು ನೆರಳಿಗೆ ಬೂದು ಹಕ್ಕಿಯೇ ಸರಿ. ಬೇಟೆಗಾರ ಇರುವವರೆಗೆ ಕಾಡು ಪಾರಿವಾಳ ಕಾಡಿನದಾಗಿ ಉಳಿಯುತ್ತದೆ. ಬಾದಾಮಿಯ ಬಂಡೆ ಹತ್ತಲು ದೇಶವಿದೇಶದ ಆರೋಹಿಗಳು ಬರುತ್ತಾರೆ. ಬರಲಿ, ಬಂಡೆಯನ್ನು ಅವರಷ್ಟು ಪ್ರೀತಿಸುವವರು ಕಡಿಮೆ. ಮರಿಯಿರುವ ಅಂಚನ್ನು, ಡೇಗೆಯ ಗೂಡಿರುವ ನೆತ್ತಿಯನ್ನು ಆ ಕಾಲಕ್ಕೆ ಬಿಟ್ಟು ಹತ್ತುವ ರೂಢಿ ಬೆಳೆದರೆ ಅವರಿಗೂ ನಷ್ಟವಿಲ್ಲ.

ಹೊಲದಲ್ಲಿ ಕೇಳಿದ ಮಾತು

ಊಟಕ್ಕೆ ಬನಶಂಕರಿಗೆ ಹೋದೆ. ಬಾದಾಮಿಯಿಂದ ಐದು ಕಿಲೋಮೀಟರ್. ಹರಿದ್ರಾತೀರ್ಥದ ದಂಡೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಅವ್ವಂದಿರ ಕೈಯಿಂದ ಬಿಳಿಜೋಳದ ರೊಟ್ಟಿ, ಶೇಂಗಾ ಚಟ್ನಿ, ಗಡಿಗೆಯ ಮೊಸರು. ದಾರಿಯುದ್ದಕ್ಕೂ ಸುಗ್ಗಿ. ಕೊಯ್ದ ಜೋಳದ ಸೂಡುಗಳು, ರಾಶಿ ಮಾಡುವ ಮಷಿನ್ನಿನ ಸದ್ದು, ಡಾಂಬರು ರಸ್ತೆಯ ಮೇಲೆ ಹರವಿದ ಕಾಳು. ರಾಶಿ ಮುಗಿದ ಒಂದು ಹೊಲದಲ್ಲಿ ಬೆಳಗಿನ ಗುಡ್ಡದ ಹಕ್ಕಿಗಳೇ ಇದ್ದಿರಬೇಕು, ಕೂಳೆಯ ನಡುವೆ ಸಾಲಾಗಿ ಮೇಯುತ್ತ ಮುಂದೆ ಸಾಗುತ್ತಿದ್ದವು. ಹಿಂದಿನ ಸಾಲಿನವು ಎದ್ದು ಮುಂದಿನವುಗಳ ಮೇಲಿಂದ ಹಾರಿ ಇಳಿಯುತ್ತಿದ್ದವು. ದೂರಕ್ಕೆ ಬೂದು ಅಲೆಯೊಂದು ಹೊಲದ ಮೇಲೆ ಉರುಳಿದಂತೆ.

ಬದುವಿನ ಮೇಲೆ ಬೀಡಿ ಹಚ್ಚಿ ಕೂತಿದ್ದ ಹಿರಿಯರೊಬ್ಬರು ಕರೆದರು.

"ಏನ್ ನೋಡಾಕತ್ತೀರಿ ಸರ?"

"ಪಾರಿವಾಳ ನೋಡಾಕ ಬಂದೀನ್ರಿ ಕಾಕಾ."

"ಅದನ್ನ ನೋಡಾಕ ಇಲ್ಲೀತನಾ ಬರಬೇಕೇನ್ರಿ? ನಿಮ್ಮ ಊರಾಗ ಇಲ್ಲೇನು?"

"ಅದಾವ್ರಿ. ಬಾಳ ಅದಾವು."

ಅವರು ಸ್ವಲ್ಪ ಹೊತ್ತು ಹೊಲದ ಕಡೆ ನೋಡಿದರು. ಆಮೇಲೆ ಹೇಳಿದ ಮಾತನ್ನು ನಾನು ಅಲ್ಲೇ ಬರೆದುಕೊಂಡೆ. "ಊರಾಗಿನವು ಬ್ಯಾರೆ, ಗುಡ್ಡದವು ಬ್ಯಾರೆ ಬಿಡ್ರಿ. ಊರಾಗಿನವು ಮನಷಾನ ಕಂಡ್ರ ಬರ್ತಾವ. ಗುಡ್ಡದವು ಮನಷಾನ ಕಂಡ್ರ ಹೋಗ್ತಾವ."

ಬೆಳೆಗೆ ತೊಂದರೆ ಇಲ್ಲವೇ ಎಂದು ಕೇಳಿದೆ. ನಿಂತ ತೆನೆಗೆ ಗಿಳಿ, ಗುಬ್ಬಿಯ ಕಾಟ, ಅದಕ್ಕೆ ಕವಣೆ ಬೀಸಬೇಕು. ಪಾರಿವಾಳ ತೆನೆಗೆ ಜೋತುಬೀಳಲಾರದು, ನೆಲಕ್ಕೆ ಬಿದ್ದದ್ದನ್ನು ಹೆಕ್ಕುತ್ತದೆ. ಬಿತ್ತಿದ ಕಡಲೆಯನ್ನು ಮಾತ್ರ ಕಾಯಬೇಕು ಎಂದರು. "ಬಿದ್ದ ಕಾಳು ಯಾರಪ್ಪಂದು ಸರ? ಹಕ್ಕೀದೇ." ಉದುರಿದ ಕಾಳಿನ ಮೇಲೆ ಹಕ್ಕಿಯ ಹಕ್ಕನ್ನು ಒಪ್ಪಿಕೊಳ್ಳುವುದು ಬೇರೆ, ಚೀಲಗಟ್ಟಲೆ ಕಾಳು ತಂದು ಚೌಕದಲ್ಲಿ ಸುರಿಯುವುದು ಬೇರೆ. ಮೊದಲನೆಯದರಲ್ಲಿ ಹಕ್ಕಿ ದಿನಕ್ಕೆ ಹತ್ತಾರು ಮೈಲಿ ಹಾರಿ, ಸುಗ್ಗಿಯಲ್ಲಿ ಉಂಡು, ಬೇಸಿಗೆಯಲ್ಲಿ ಹಸಿದು, ತನ್ನ ಅಳತೆಯಲ್ಲಿ ಬದುಕುತ್ತದೆ. ಎರಡನೆಯದರಲ್ಲಿ ಆ ಅಳತೆಯೇ ಇಲ್ಲ.

ಏರುವ ಸಂಖ್ಯೆ, ಕರಗುವ ಹಕ್ಕಿ

ಇಳಿಹೊತ್ತಿಗೆ ಬಡಗಣ ಗುಡ್ಡ ಹತ್ತತೊಡಗಿದೆ. ಈ ಗುಡ್ಡವನ್ನು ಒಂದನೆಯ ಪುಲಕೇಶಿ ಕೋಟೆಯಾಗಿಸಿದ್ದು ಕ್ರಿ.ಶ. 543ರಲ್ಲಿ, ಬಂಡೆಯ ಮೇಲಿನ ಶಾಸನ ಅದನ್ನು ಹೇಳುತ್ತದೆ. ಎರಡು ಗೋಡೆಯಂಥ ಬಂಡೆಗಳ ನಡುವಿನ ಇಕ್ಕಟ್ಟು ದಾರಿಯಲ್ಲಿ ತಲೆಯ ಮೇಲೆ ಒಂದು ಗೇಣು ಆಕಾಶ, ಎರಡೂ ಕಡೆ ಗುಟುರು. ಹತ್ತುತ್ತ ಹತ್ತುತ್ತ, ಈ ಹಕ್ಕಿಯ ಬಗ್ಗೆ ಓದಿದ್ದೆಲ್ಲ ಹೊಸ ಅರ್ಥ ಪಡೆಯಿತು.

ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಬಂಡೆ ಪಾರಿವಾಳ 'ಕನಿಷ್ಠ ಕಾಳಜಿ'ಯ ವರ್ಗದಲ್ಲಿದೆ. ನೀಲಗಿರಿ ಕಾಡು ಪಾರಿವಾಳ ಅದೇ ಪಟ್ಟಿಯಲ್ಲಿ ಅಪಾಯದ ಅಂಚಿನಲ್ಲಿದೆ. 942 ಪ್ರಭೇದಗಳನ್ನು ಪರಿಶೀಲಿಸಿದ 2023ರ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಯಲ್ಲಿ ಎಷ್ಟೋ ಹಕ್ಕಿಗಳು ಇಳಿಮುಖವಾಗಿದ್ದರೆ, ಎದ್ದು ಕಾಣುವಂತೆ ಏರಿದ ಕೆಲವೇ ಹೆಸರುಗಳಲ್ಲಿ ನವಿಲು, ಕೋಗಿಲೆಗಳ ಜೊತೆ ಪಾರಿವಾಳವೂ ಒಂದು. ಕಾನೂನು ಕೂಡ ಇದನ್ನು ಬೇರೆಯಾಗಿಯೇ ನೋಡಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಾಲ್ಕನೆಯ ಅನುಸೂಚಿಯಲ್ಲಿ ಪಾರಿವಾಳದ ಕುಲಕ್ಕೆಲ್ಲ ರಕ್ಷಣೆ ಕೊಟ್ಟು, ನೀಲಿ ಬಂಡೆ ಪಾರಿವಾಳವೊಂದನ್ನು ಹೊರಗಿಟ್ಟಿದ್ದರು. 2022ರ ತಿದ್ದುಪಡಿಯಲ್ಲಿ ಅನುಸೂಚಿಗಳೇ ಹೊಸದಾಗಿ ಜೋಡಣೆಯಾಗುವವರೆಗೆ ಆ ಸಾಲು ಹಾಗೆಯೇ ಇತ್ತು. ಹೇರಳವಾಗಿರುವುದಕ್ಕೆ ಕಾವಲು ಏಕೆ ಎಂಬುದು ಅದರ ಹಿಂದಿನ ಯೋಚನೆ.

ಆದರೆ ಆ ಹೇರಳದಲ್ಲಿ ಎರಡು ಹಕ್ಕಿಗಳು ಒಂದೇ ಲೆಕ್ಕಕ್ಕೆ ಸೇರಿಹೋಗಿವೆ. ಏರುತ್ತಿರುವುದು ಊರ ಪಾರಿವಾಳ. ಅದು ಏರಿದಷ್ಟೂ ಬಂಡೆಯ ಹಕ್ಕಿಯೊಡನೆ ಬೆರೆಯುವುದು ಹೆಚ್ಚುತ್ತದೆ. ಸ್ಕಾಟ್ಲೆಂಡಿನಲ್ಲಿ ಇದನ್ನು ವಂಶವಾಹಿಯ ಮಟ್ಟದಲ್ಲಿ ನೋಡಿದ್ದಾರೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ದೂರದ ಹೆಬ್ರಿಡೀಸ್ ದ್ವೀಪಗಳ ಪಾರಿವಾಳಗಳಲ್ಲಿ ಸಾಕುಹಕ್ಕಿಯ ಬೆರಕೆ ಬಹಳ ಕಡಿಮೆ. ಆರ್ಕ್ನಿ ದ್ವೀಪಗಳಲ್ಲಿ ಮಾತ್ರ ಬೆರಕೆ ಗಾಢವಾಗಿದೆ. ಅಲ್ಲಿ ಕಾಡು ಪಾರಿವಾಳ ಸಾಯುತ್ತಿಲ್ಲ, ಕರಗುತ್ತಿದೆ. ಕಾಲಿಗೆ ಸಿಕ್ಕಿ ಬಿದ್ದ ಹೆಣವಿಲ್ಲ, ಖಾಲಿಯಾದ ಆಕಾಶವಿಲ್ಲ. ಅದೇ ಅಂಚಿನಲ್ಲಿ ಅದೇ ಗುಟುರು ಕೇಳುತ್ತಿರುತ್ತದೆ, ಒಳಗಿನ ಹಕ್ಕಿ ಬೇರೆಯಾಗಿರುತ್ತದೆ. ಬಾದಾಮಿಯ ಹಕ್ಕಿಗಳ ಬೂದು ಬಣ್ಣವೊಂದೇ ಅವುಗಳ ಶುದ್ಧಿಗೆ ಸಾಕ್ಷಿಯಾಗದು, ಊರ ಪಾರಿವಾಳಗಳಲ್ಲೂ ಆ ಬಣ್ಣದವು ಬೇಕಾದಷ್ಟಿವೆ. ಆದರೆ ಪೇಟೆಯಿಂದ ಗುಡ್ಡದ ನೆತ್ತಿಗೆ ಏರಿದಂತೆ ಚೌಕಳಿ, ಮಸಿ, ಇಟ್ಟಿಗೆ ಬಣ್ಣಗಳು ಕಡಿಮೆಯಾಗುತ್ತ ಬಂದದ್ದನ್ನು ನಾನು ಒಂದೇ ದಿನದಲ್ಲಿ ಕಂಡೆ. ಕಾಪಾಡಬೇಕಾದದ್ದು ಈ ಇಳಿಜಾರನ್ನು.

ಕಾಪಾಡುವುದು ಪೇಟೆಯಿಂದಲೇ ಶುರುವಾಗಬೇಕು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1961ರಿಂದ 1985ರವರೆಗೆ ಸುಮಾರು 1 ಲಕ್ಷ ಪಾರಿವಾಳಗಳನ್ನು ಕೊಂದರು. ಸಂಖ್ಯೆ ಇಳಿಯಲಿಲ್ಲ, ಸತ್ತವುಗಳ ಜಾಗವನ್ನು ಹೊಸ ಮರಿಗಳು ತುಂಬಿದವು. 1988ರಲ್ಲಿ ದಾರಿ ಬದಲಿಸಿ, ಕಾಳು ಹಾಕುವುದರಿಂದ ಹಕ್ಕಿಗೇ ಕೇಡು ಎಂದು ಜನರಿಗೆ ತಿಳಿಹೇಳತೊಡಗಿದರು. ನಾಲ್ಕೈದು ವರ್ಷದಲ್ಲಿ ಸಂಖ್ಯೆ ಅರ್ಧಕ್ಕೆ ಬಂತು. ನಮ್ಮಲ್ಲಿ ಈ ಮಾತು ಹೇಳುವುದು ಸುಲಭವಲ್ಲ. ಶಿಬಿ ಚಕ್ರವರ್ತಿ ತೊಡೆಯ ಮಾಂಸ ಕೊಟ್ಟು ಪಾರಿವಾಳ ಉಳಿಸಿದ ಕಥೆ ಕೇಳಿ ಬೆಳೆದವರು ನಾವು. 2025ರಲ್ಲಿ ಮುಂಬೈಯ ದಾದರಿನಲ್ಲಿ ಪಾರಿವಾಳಗಳಿಗೆ ಕಾಳು ಹಾಕುವ ಕಟ್ಟೆ ಮುಚ್ಚಲು ಪಾಲಿಕೆ ಹೊರಟಾಗ ಜನ ಬೀದಿಗಿಳಿದರು. ಅವರ ದಯೆಯನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಒಣಗಿದ ಹಿಕ್ಕೆಯ, ಗರಿಯ ದೂಳನ್ನು ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶ ಊದಿಕೊಂಡು ಗಟ್ಟಿಯಾಗುವ ಕಾಯಿಲೆ ಬರುತ್ತದೆ ಎನ್ನುವುದು ವೈದ್ಯಲೋಕ ಚೆನ್ನಾಗಿ ಅರಿತ ಸಂಗತಿ. ಶಿಬಿ ಕಾಪಾಡಿದ್ದು ಗಿಡುಗ ಬೆನ್ನಟ್ಟಿ ಬಂದ ಹಕ್ಕಿಯನ್ನು. ಡೇಗೆಯೇ ಇಲ್ಲದ ಚೌಕದಲ್ಲಿ ಹಕ್ಕಿಯನ್ನು ಭಿಕ್ಷೆಗೆ ಕೂರಿಸುವುದು ಆ ದಯೆಯ ಮುಂದುವರಿಕೆ ಆಗಲಾರದು.

ಮಾಲೆಗಿತ್ತಿಯ ಮುಸ್ಸಂಜೆ

ಗುಡ್ಡ ಇಳಿದು ಮಾಲೆಗಿತ್ತಿ ಶಿವಾಲಯಕ್ಕೆ ಬರುವ ಹೊತ್ತಿಗೆ ಬಿಸಿಲು ಕೆಂಪಾಗಿತ್ತು. ಏಳನೆಯ ಶತಮಾನದ ಪುಟ್ಟ ಗುಡಿ. ದೊಡ್ಡ ಬಂಡೆಯೊಂದರ ಹೆಗಲ ಮೇಲೆ ಒಂಟಿಯಾಗಿ ಕೂತಿದೆ. ಹೊಲಗಳ ಕಡೆಯಿಂದ ಪಾರಿವಾಳಗಳು ಬರತೊಡಗಿದವು. ಐದು, ಹತ್ತು, ಮೂವತ್ತು. ಎಲ್ಲವೂ ಗುಡಿಯನ್ನು ದಾಟಿ ಹಿಂದಿನ ಬಂಡೆಗೆ ಹೋಗಿ ಬಿರುಕುಗಳಲ್ಲಿ ಮರೆಯಾದವು. ಬೆಳಗ್ಗೆ ಬಿಚ್ಚಿದ ಗಂಟನ್ನು ಬಂಡೆ ಸಂಜೆ ಮತ್ತೆ ಕಟ್ಟಿಕೊಳ್ಳುತ್ತಿತ್ತು.

ಕೊನೆಗೆ ಬಂದ ಒಂದು ಜೋಡಿ ಮಾತ್ರ ಗುಡಿಯ ಕಪೋತದ ಮೇಲೆ ಇಳಿಯಿತು. ಗಂಡು ಬೂದು, ಎರಡು ಕಪ್ಪು ಪಟ್ಟೆ. ಹೆಣ್ಣಿನ ರೆಕ್ಕೆಯ ಮೇಲೆ ಚೌಕಳಿ. ಪೇಟೆಯಿಂದ ಬಂದವಳು. ಗಂಡು ಕತ್ತು ಉಬ್ಬಿಸಿ ಸುತ್ತಿತು, ಹೆಣ್ಣು ಅದರ ಕುತ್ತಿಗೆಯ ಗರಿಗಳನ್ನು ಕೊಕ್ಕಿನಿಂದ ಸವರಿತು. ನೋಡಲು ಎಷ್ಟು ಚೆಂದವಿತ್ತೋ ಅಷ್ಟೇ ಎದೆ ಹಿಂಡಿತು. ಇಲ್ಲಿ ಯಾರ ಮೇಲೆ ಕಲ್ಲು ಬೀಸುವುದು? ಹೆಣ್ಣಿನದು ತಪ್ಪಲ್ಲ. ಐದು ಸಾವಿರ ವರ್ಷದ ಹಿಂದೆ ನಾವು ಬಂಡೆಯಿಂದ ಇಳಿಸಿ ತಂದ ಮಗಳು, ತವರಿಗೆ ಮರಳಿ ಬಂದಿದ್ದಾಳೆ ಅಷ್ಟೆ. ಆದರೆ ತವರು ತವರಾಗಿ ಉಳಿಯಬೇಕಾದರೆ ಊರಿನಲ್ಲಿ ನಾವು ಸುರಿಯುವ ಕಾಳು ಕಡಿಮೆಯಾಗಬೇಕು, ಗುಡ್ಡದ ಮೇಲೆ ಡೇಗೆಗೆ ಜಾಗ ಇರಬೇಕು.

ಕತ್ತಲಾಗುವ ಮುಂಚೆ ಅಜ್ಜನ ಹೊಲಕ್ಕೆ ಹೋಗಿಬಂದೆ. ಬಾವಿ ಈಗ ಇಲ್ಲ, ಕೊಳವೆ ಬಾವಿ ಬಂದ ಮೇಲೆ ಮಣ್ಣು ತುಂಬಿಸಿದರು. ಅದರ ಜಾಗದಲ್ಲಿ ಕಡಲೆಯ ಕೂಳೆ. ಪಕ್ಕದ ಹೊಲದ ಹಳೆಯ ಬಾವಿ ಇನ್ನೂ ಉಳಿದಿತ್ತು. ದಂಡೆಯವರೆಗೆ ಹೋಗಿ ಬಗ್ಗದೆ ನಿಂತೆ. ಒಳಗಿನಿಂದ ಗುಟುರು ಕೇಳಿಸಿತು. ಹೆಜ್ಜೆ ಸಪ್ಪಳವಾಗದಂತೆ ಹಿಂದೆ ಸರಿದೆ. ಟಿಪ್ಪಣಿ ಪುಸ್ತಕದ ಹೊಸ ಹಾಳೆಯಲ್ಲಿ ಗೆರೆ ಎಳೆದು ಎರಡು ಕಲಂ ಮಾಡಿದೆ: ಊರಿನವು, ಗುಡ್ಡದವು. ಇನ್ನು ಪ್ರತಿ ಶಿವರಾತ್ರಿಗೆ ಬಂದು ಅವೆರಡನ್ನೂ ಬೇರೆಬೇರೆಯಾಗಿ ಎಣಿಸುವವನಿದ್ದೇನೆ.